ನಾದಿನಿಯ ಕೈ, ಯಜಮಾನರ ಲೆನ್ಸು

ನನ್ನ ನಾದಿನಿಗೆ ಈಗ ಐವತ್ತೊಂಬತ್ತು. ಮೂವತ್ತೊಂದು ವರ್ಷ ಒಂದೇ ಸಂಗೀತ ಸಭಾಂಗಣದಲ್ಲಿ ಫೋಟೊ ತೆಗೆದಳು. ಕಳೆದ ವರ್ಷ ಒಂದೂವರೆ ತಿಂಗಳು ತನ್ನ ಕೈಯನ್ನೇ ನಂಬದೆ ಕಳೆದಳು. ಅವಳ ಬಗ್ಗೆ ಬರೆಯುವುದಾದರೆ ಆ ಒಂದೂವರೆ ತಿಂಗಳನ್ನು ಬಿಡಲಾಗದು. ಅದರಲ್ಲಿ ನಾನು ಆಡಿದ ಒಂದು ಮಾತನ್ನೂ ಬಿಡಲಾಗದು.

ನಾನು ಮದುವೆಯಾಗಿ ಬಂದಾಗ ಅವಳಿಗೆ ಹತ್ತು. ಕೆಳಗೆ ಅವಳಣ್ಣನ, ಎಂದರೆ ನನ್ನ ಯಜಮಾನರ ಸ್ಟುಡಿಯೊ; ಮೇಲೆ ಎರಡು ಕೋಣೆಯ ಮನೆ. ನನಗೆ ಆಗ ಅಂಕಿ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಕತ್ತಲೆ ಕೋಣೆಯ ಕೆಲಸಕ್ಕೆ ಅಂಕಿ ಸಾಕು: ಇಷ್ಟು ಸೆಕೆಂಡು, ಇಷ್ಟು ಡಿಗ್ರಿ. ಅಕ್ಷರ ಕಲಿಸಿದವಳು ಅವಳೇ, ತನ್ನ ಹಳೆಯ ಪಾಟಿಯಲ್ಲಿ. ಒತ್ತಕ್ಷರ ಬಂದರೆ ಈಗಲೂ ತಡವರಿಸುತ್ತೇನೆ.

ಅವಳಿಗೆ ಹದಿನಾರು ತುಂಬಿದಾಗ ಯಜಮಾನರು ಕ್ಯಾಮೆರಾ ಕೈಗೆ ಕೊಟ್ಟರು. ಗೋಡೆಗೆ ಪತ್ರಿಕೆಯ ಹಾಳೆ ಅಂಟಿಸಿ, ಸ್ಟ್ಯಾಂಡ್ ಇಲ್ಲದೆ ಕೈಯಲ್ಲೇ ಹಿಡಿದು ತೆಗೆ ಎನ್ನುತ್ತಿದ್ದರು.

"ಅರ್ಧ ಉಸಿರು ಬಿಡು. ಮಿಕ್ಕರ್ಧ ಒಳಗೇ ಇರ್ಲಿ. ಈಗ ಒತ್ತು."

ನೆಗೆಟಿವ್ ತೊಳೆದ ಮೇಲೆ ಅಕ್ಷರಗಳ ಅಂಚು ಎರಡಾಗಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ ಹೇಳುವುದು ನನ್ನ ಕೆಲಸ. ಸರಾಗವಾಗಿ ಓದಲು ಬಾರದವಳಿಗೆ ಅದು ಸಲೀಸು. ಅಕ್ಷರ ಏನು ಹೇಳುತ್ತದೆ ಎಂಬ ಗೋಜಿಲ್ಲ, ಅಂಚು ಮಾತ್ರ ನೋಡಿದರಾಯಿತು. ಯಜಮಾನರ ಹತ್ತಿರ ಮೂರು ಲೆನ್ಸು ಇದ್ದವು. ಮೈಮೇಲೆ ಅಂಕಿ ಕೊರೆದಿದೆ: 35, 85, 200. ಮೂವತ್ತೈದು ಅಗಲವಾಗಿ ನೋಡುತ್ತದೆ, ಕೈ ಸ್ವಲ್ಪ ಅಲುಗಿದರೂ ಚಿತ್ರದಲ್ಲಿ ಗೊತ್ತಾಗುವುದಿಲ್ಲ. ಇನ್ನೂರು ದೂರದ್ದನ್ನು ಹತ್ತಿರ ತರುತ್ತದೆ, ಜೊತೆಗೆ ಕೈಯ ಅಲುಗಾಟವನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಅವಳು ಒಂದು ವರ್ಷದಲ್ಲಿ ಇನ್ನೂರನ್ನೂ ಪಳಗಿಸಿಕೊಂಡಳು. ಯಾವ ಚಿತ್ರ ಯಾವ ಲೆನ್ಸಿನದು ಎಂದು ಪ್ರಿಂಟಿನ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆಯುವುದನ್ನೂ ಅಣ್ಣನಿಂದಲೇ ಕಲಿತಳು.

ನಮ್ಮ ಅತ್ತೆ, ಅಂದರೆ ಅವಳ ತಾಯಿ, ಕೈನಡುಕದ ಕಾಯಿಲೆಯಲ್ಲಿ ಏಳು ವರ್ಷ ಇದ್ದರು. ಗುಂಡಿ ಹಾಕಿಕೊಳ್ಳಲಾಗಲಿಲ್ಲ, ಆಮೇಲೆ ಬಾಚಣಿಗೆ ಹಿಡಿಯಲಾಗಲಿಲ್ಲ, ಕೊನೆಗೆ ನುಂಗಲಾಗಲಿಲ್ಲ. ತುತ್ತು ತಿನ್ನಿಸುತ್ತಿದ್ದವಳು ನಾನು. ಮಗಳು ಬಾಗಿಲಲ್ಲಿ ನಿಂತು ತನ್ನ ಕೈ ನೋಡಿಕೊಳ್ಳುತ್ತಿದ್ದಳು. ಮದುವೆಯ ಮಾತು ಎರಡು ಸಲ ಬಂತು. ಎರಡು ಸಲವೂ "ಆಮೇಲೆ ನೋಡೋಣ" ಎಂದಳು. ಆ ಆಮೇಲೆ ಬರಲೇ ಇಲ್ಲ.

ಸಭಾಂಗಣದಲ್ಲಿ ಬೆಳಕು ಮಂಕು, ಫ್ಲ್ಯಾಶ್ ಹಾಕುವಂತಿಲ್ಲ. ಪಕ್ಕದ ದಾರಿಯಲ್ಲಿ ಎರಡು ಗಂಟೆ ಅಲುಗದೆ ನಿಲ್ಲುತ್ತಿದ್ದಳು. ಬಾಗಿಲು ಕಾಯುವವರು ಅವಳಿಗೆ ಕಂಬ ಎಂದು ಹೆಸರಿಟ್ಟಿದ್ದರು. "ಕಂಬ ಬಂತಾ? ಹಾಗಾದ್ರೆ ಶುರು ಮಾಡ್ಬಹುದು." ಒಮ್ಮೆ ಯಾರೋ ಕತ್ತಲಲ್ಲಿ ಅವಳ ಭುಜಕ್ಕೆ ತಮ್ಮ ಕೋಟು ನೇತುಹಾಕಲು ಬಂದಿದ್ದರಂತೆ. ಅದನ್ನು ಅವಳೇ ಹೇಳಿ ನಗುತ್ತಿದ್ದಳು. ಹನ್ನೊಂದು ವರ್ಷದ ಹಿಂದೆ ಯಜಮಾನರು ಹೋದರು. ಸ್ಟುಡಿಯೊ ಮುಚ್ಚಿದೆವು. ಮನೆಯಲ್ಲಿ ಉಳಿದವರು ನಾವಿಬ್ಬರೇ. ಅವಳು ತೆಗೆಯುತ್ತಿದ್ದಳು, ನಾನು ಲಕೋಟೆಯಲ್ಲಿ ಹಾಕಿ ಸಭಾಂಗಣದ ಕಚೇರಿಗೆ ಕೊಟ್ಟು ಬರುತ್ತಿದ್ದೆ.

ಹೋದ ವರ್ಷ ಅಲ್ಲಿಗೆ ಹೊಸ ಮ್ಯಾನೇಜರ್ ಬಂದರು. ನಲವತ್ತರ ಹೆಂಗಸು, ಮಾತು ಮೆದು, ಕೆಲಸ ಕಟ್ಟುನಿಟ್ಟು.

"ಮೇಡಂ, ಪಿಟೀಲಿನವರು ಎಷ್ಟು ಮೆಲ್ಲಗೆ ನುಡಿಸ್ತಾ ಇದ್ರು. ಮಧ್ಯೆ ನಿಮ್ಮ ಟಕ್, ಟಕ್. ಮೂರನೇ ಸಾಲಿನವ್ರು ತಿರುಗಿ ನೋಡಿದ್ರು."

"ಮೂವತ್ತು ವರ್ಷದಿಂದ ಇದೇ ಟಕ್ಕು," ಎಂದಳು ನಾದಿನಿ.

"ಹೌದು. ಈಗ ಟಕ್ ಇಲ್ಲದ್ದೂ ಸಿಗುತ್ತಲ್ಲ."

ಹಳೆಯ ಕ್ಯಾಮೆರಾದೊಳಗೆ ಪುಟ್ಟ ಕನ್ನಡಿ ಇರುತ್ತದೆ. ಗುಂಡಿ ಒತ್ತಿದಾಗ ಅದು ಎದ್ದು ಬೀಳುತ್ತದೆ, ಸದ್ದಿನಲ್ಲಿ ಹೆಚ್ಚು ಪಾಲು ಅದರದು. ಮಿರರ್‌ಲೆಸ್ ಎನ್ನುವ ಹೊಸದರಲ್ಲಿ ಕನ್ನಡಿಯೇ ಇಲ್ಲ. ಕಣ್ಣಿಟ್ಟು ನೋಡುವ ಕಡೆ ಒಂದು ಚಿಕ್ಕ ಟಿವಿ ಇದೆ. ಸದ್ದಿಲ್ಲದೆ ತೆಗೆಯುತ್ತದೆ. ಕೈ ಅಲುಗಿದರೆ ಕ್ಯಾಮೆರಾದ ಒಳಭಾಗ ಎದುರು ದಿಕ್ಕಿಗೆ ಸರಿದು ಅದನ್ನು ಸರಿದೂಗಿಸುತ್ತದೆ ಎಂದೂ ಅಂಗಡಿಯವನು ಹೇಳಿದ. "ಅದೆಲ್ಲ ನನಗೆ ಬೇಕಿಲ್ಲ," ಎಂದಳು ಇವಳು. ಹಳೆಯ ಕ್ಯಾಮೆರಾ ಅಲ್ಲೇ ಕೊಟ್ಟು ಹೊಸದನ್ನು ತಗೊಂಡಳು.

"ಆ ಲೆನ್ಸೂ ಕೊಟ್ಬಿಡಿ ಅಕ್ಕಾ. ಇದಕ್ಕೆ ಬೇರೆ ಲೆನ್ಸೇ ಬರುತ್ತೆ."

"ಅವು ನಮ್ಮಣ್ಣಂದು. ಅದು ಬಿಟ್ಟು ಬೇರೆ ಮಾತಾಡಿ."

"ಹಾಗಾದ್ರೆ ಮಧ್ಯೆ ಅಡಾಪ್ಟರ್ ಬೇಕು. ಹೊಸ ಸೊಸೆಗೂ ಹಳೇ ಅತ್ತೆಗೂ ಮಧ್ಯೆ ಒಬ್ರು ಇರ್ಬೇಕಲ್ಲ, ಹಾಗೆ."

"ನಮ್ಮನೇಲಿ ಮಧ್ಯೆ ಯಾರೂ ಇರ್ಲಿಲ್ಲಪ್ಪ," ಎಂದೆ ನಾನು.

"ಅದಕ್ಕೇ ಅಜ್ಜಿ, ನಿಮ್ಮ ಮುಖದಲ್ಲಿ ಇನ್ನೂ ಸಿಟ್ಟಿದೆ."

ಅಡಾಪ್ಟರ್ ಎಂದರೆ ದಪ್ಪ ಬಳೆಯಂಥ ಲೋಹದ ಉಂಗುರ. ಒಂದು ಕಡೆ ಕ್ಯಾಮೆರಾಕ್ಕೆ ಕೂರುತ್ತದೆ, ಇನ್ನೊಂದು ಕಡೆ ಲೆನ್ಸಿಗೆ. ಅವನು ಇನ್ನೂರರ ಲೆನ್ಸನ್ನು ಹಾಕಿ ನೋಡಿದ, ಏನೇನೋ ಒತ್ತಿದ, "ಸೆಟ್ಟಿಂಗ್ ಎಲ್ಲ ಮಾಡಿದ್ದೀನಿ, ಆರಾಮಾಗಿ ತೆಗೀರಿ," ಎಂದು ಕೈಗಿಟ್ಟ.

ಮೊದಲ ಕಾರ್ಯಕ್ರಮದ ಚಿತ್ರಗಳನ್ನು ನೋಡಿದೆ. ಪಿಟೀಲಿನ ಕಮಾನು ಎರಡು. ಹಾಡುವವರ ಮೂಗಿಗೆ ಎರಡು ಅಂಚು. ಎರಡನೆಯ ಕಾರ್ಯಕ್ರಮದ್ದೂ ಹಾಗೆಯೇ. ನಡುನಡುವೆ ಕೆಲವು ಮಾತ್ರ ಶುದ್ಧವಾಗಿದ್ದವು. ಅವಳು ಊಟದ ಮುಂದೆ ಕೂತು ಹೇಳಿದಳು.

"ಆ ಟಿವಿಯೊಳಗೆ ಎಲ್ಲಾ ತೇಲುತ್ತೆ, ಅತ್ತಿಗೆ. ದೋಣೀಲಿ ಕೂತ ಹಾಗೆ."

"ಕ್ಯಾಮೆರಾನೇ ಸರಿ ಇಲ್ವೇನೋ ಕಣೇ."

"ಕ್ಯಾಮೆರಾ ಹೊಸದು. ಹಳೇದಾಗಿರೋಳು ನಾನು. ಇಷ್ಟು ದಿನ ಹಳೇದರ ಕನ್ನಡೀಲಿ ನನ್ನ ಕೈ ಅಲುಗೋದು ನನಗೆ ಗೊತ್ತಾಗ್ಲಿಲ್ಲ. ಇದು ಇದ್ದದ್ದನ್ನ ತೋರಿಸ್ತಾ ಇದೆ."

ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿದಳು.

"ಅಮ್ಮನಿಗೆ ಯಾವ ಕೈಯಿಂದ ಶುರುವಾಯ್ತು?"

"ಬಲಗೈ. ಹೆಬ್ಬೆರಳು."

ಅವಳು ಬಲಗೈಯನ್ನು ಮೇಜಿನ ಕೆಳಗೆ ಇಳಿಸಿದಳು.

"ಡಾಕ್ಟರಿಗೆ ತೋರಿಸೋಣ."

"ತೋರಿಸಿದ್ರೆ ಹೇಳ್ಬಿಡ್ತಾರೆ," ಎಂದಳು.

ಅಲ್ಲಿಂದ ಮುಂದೆ ಕಾಫಿಯನ್ನು ಅರ್ಧ ಲೋಟ ಮಾತ್ರ ಬಗ್ಗಿಸಿಕೊಳ್ಳುತ್ತಿದ್ದಳು. ಗುಂಡಿಯ ಅಂಗಿಗಳನ್ನು ಮಡಿಸಿ ಕಪಾಟಿನ ಮೇಲಿಟ್ಟಳು. ಸೂಜಿಗೆ ದಾರ ಪೋಣಿಸಿ ಕೊಡು ಎಂದರೆ, ನನಗೆ ಬೇರೆ ಕೆಲಸವಿದೆ ಎನ್ನುತ್ತಿದ್ದಳು. ನಾನು ನೋಡದವಳಂತೆ ಇದ್ದು ನೋಡುತ್ತಿದ್ದೆ. ನೋಡುತ್ತಿದ್ದೇನೆಂದು ಗೊತ್ತಾದ ಕ್ಷಣ ಅವಳ ಕೈ ನಿಜಕ್ಕೂ ನಡುಗುತ್ತಿತ್ತು.

ಮೂರನೆಯ ಲಕೋಟೆ ಕೊಡಲು ಹೋದಾಗ ಮ್ಯಾನೇಜರ್ ನನ್ನನ್ನು ಕೂರಿಸಿದರು. ಮೆತ್ತನೆಯ ಕುರ್ಚಿ, ಒಂದು ಲೋಟ ನೀರು.

"ಅಮ್ಮಾ, ಮೇಡಂ ಹುಷಾರಾಗಿದ್ದಾರಾ? ಚಿತ್ರ ಯಾಕೋ ಮೊದಲಿನ ಹಾಗೆ ಬರ್ತಿಲ್ಲ."

ನಾನು ಹೇಳಿದ್ದು ಇಷ್ಟೇ: "ಅವರಮ್ಮನಿಗೂ ಹೀಗೇ ಕೈ ನಡುಗೋಕೆ ಶುರುವಾಗಿದ್ದು." ಮರುಕ ತೋರಿಸಿ, ಇನ್ನಷ್ಟು ದಿನ ಸಹಿಸಿಕೊಳ್ಳಲಿ ಎಂಬ ಆಸೆಯಿತ್ತು. ಮರುಕ ಸಿಕ್ಕಿತು. ನಾಲ್ಕನೆಯ ದಿನ ಅವಳನ್ನು ಕರೆಸಿ, "ಈ ವರ್ಷ ವಿಶ್ರಾಂತಿ ತಗೊಳ್ಳಿ ಮೇಡಂ. ಮನೆತನದಲ್ಲಿರೋ ಕಾಯಿಲೆ ಆದ್ರೆ ಬೇಗ ತೋರಿಸಿಕೊಳ್ಳೋದು ಒಳ್ಳೇದು," ಎಂದರಂತೆ. ಬೇರೊಬ್ಬ ಫೋಟೊಗ್ರಾಫರನನ್ನು ಆಗಲೇ ಗೊತ್ತುಮಾಡಿದ್ದರು. ಪಡಸಾಲೆಯ ಗೋಡೆಗೆ ಆರಿಸಿಕೊಳ್ಳಲೆಂದು ಹೊಸ ಕ್ಯಾಮೆರಾದ ಆ ಮೂರು ಲಕೋಟೆಗಳಲ್ಲಿ ಕೊಟ್ಟಿದ್ದ ನಲವತ್ತೆರಡು ಪ್ರಿಂಟುಗಳನ್ನು ವಾಪಸು ಕಳಿಸಿದರು. ಅವಳು ಕಟ್ಟು ಬಿಚ್ಚಲಿಲ್ಲ.

ಒಂದು ವಾರ ಅದು ಮೂಲೆಯಲ್ಲಿ ಬಿದ್ದಿತ್ತು. ಒಂದು ಬೆಳಿಗ್ಗೆ ಅವಳು ಹೊರಗೆ ಹೋಗಿದ್ದಾಗ ನಾನೇ ಬಿಚ್ಚಿದೆ. ನೆಲದ ಮೇಲೆ ಹರಡಿ, ಭೂತಗನ್ನಡಿ ಹಿಡಿದು ಒಂದೊಂದಾಗಿ ನೋಡಿದೆ. ಹಳೆಯ ಅಭ್ಯಾಸ: ಅಲುಗಿದ್ದು ಎಡಕ್ಕೆ, ಶುದ್ಧವಾದದ್ದು ಬಲಕ್ಕೆ. ಎಲ್ಲ ಮುಗಿದ ಮೇಲೆ ಮಗುಚಿ ಹಾಕಿ ಬೆನ್ನಿನ ಅಂಕಿ ನೋಡಿದೆ. ಬಲಗಡೆ ಇದ್ದ ಹದಿನಾಲ್ಕಕ್ಕೂ 200. ಎಡಗಡೆ ಒಂದೂ 200 ಇಲ್ಲ. 85 ಎಂದಿದ್ದವು ಅಲುಗಿದ್ದವು. 35 ಎಂದಿದ್ದವು ಎಲ್ಲಕ್ಕಿಂತ ಹೆಚ್ಚು ಅಲುಗಿದ್ದವು. ಮತ್ತೆ ಎಣಿಸಿದೆ. ಕೈ ನಡುಗುವವರ ಚಿತ್ರ ಇದಕ್ಕೆ ತಿರುಗಾಮುರುಗಾ ಇರಬೇಕು. ನಡುಗುವ ಕೈಯಲ್ಲಿ ಮೊದಲು ಕೆಡುವುದು ಇನ್ನೂರು.

ಅವಳು ಬಂದಾಗ ತೋರಿಸಿದೆ. ನಿಂತೇ ನೋಡಿದಳು.

"ಇನ್ನೂರು ಹಾಕಿದಾಗ ಹಿಂದಿನ ಕಂಬಿಗೆ ಒರಗಿರ್ತೀನಿ. ಅದಕ್ಕೇ ಇರ್ಬೇಕು."

"ಸರಿ. ಈಗ ಒರಗದೆ ತೆಗಿ."

"ಬೇಡ ಅತ್ತಿಗೆ."

"ಎದುರುಮನೆ ಕಿಟಕಿ ಸರಳು ಕಾಣುತ್ತಲ್ಲ, ಅದನ್ನ ತೆಗಿ. ನಾನು ನೋಡಲ್ಲ, ಒಳಗಿರ್ತೀನಿ."

ಮೂರೂ ಲೆನ್ಸಿನಲ್ಲಿ ತೆಗೆದಳು. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದಾಗ ಇನ್ನೂರರ ಸರಳುಗಳು ಗೆರೆ ಎಳೆದಂತಿದ್ದವು. ಮೂವತ್ತೈದರಲ್ಲಿ ಒಂದೊಂದು ಸರಳು ಎರಡೆರಡಾಗಿತ್ತು. ಅವಳು ಚಪ್ಪಲಿ ಮೆಟ್ಟಿಕೊಂಡಳು. ಇಬ್ಬರೂ ಅಂಗಡಿಗೆ ಹೋದೆವು.

ಅಂಗಡಿಯವನು ಎರಡು ಗುಂಡಿ ಒತ್ತಿ ಪರದೆಯನ್ನು ನಮ್ಮ ಕಡೆ ತಿರುಗಿಸಿದ. 200 ಎಂದಿತ್ತು.

"ಲೆನ್ಸ್ ಬದಲಾಯಿಸಿದಾಗಲೆಲ್ಲ ಈ ನಂಬರ್ ಬದಲಾಯಿಸ್ಬೇಕು ಅಕ್ಕಾ. ಹೊಸ ಲೆನ್ಸಾದ್ರೆ ತಾನೇ ಕ್ಯಾಮೆರಾಗೆ ಹೇಳುತ್ತೆ, ನಾನು ಇಷ್ಟು ಅಂತ. ನಿಮ್ಮವು ಮೂಗ ಲೆನ್ಸು. ನೀವು ಮೂವತ್ತೈದು ಹಾಕಿದ್ರೂ ಇದು ಇನ್ನೂರು ಅಂದ್ಕೊಂಡು, ಅಲುಗಾಟ ಸರಿದೂಗಿಸೋಕೆ ಸಿಕ್ಕಾಪಟ್ಟೆ ಸರಿದಾಡಿದೆ. ನೀವು ಅಲುಗಿದ್ದು ಒಂದು ಪಾಲಾದ್ರೆ ಅದು ಐದಾರು ಪಾಲು. ನಾನು ಹೇಳಿರ್ಲಿಲ್ವಾ?"

"ಇಲ್ಲ," ಎಂದಳು.

ಅವನು ಮೂವತ್ತೈದಕ್ಕೆ ಇಳಿಸಿದ. ಅವಳು ಕಣ್ಣಿಟ್ಟು ನೋಡಿದಳು. ತುಂಬ ಹೊತ್ತು ನೋಡಿದಳು. ಕೆಳಗಿಳಿಸಿದಾಗ ಕಣ್ಣು ಒದ್ದೆಯಾಗಿತ್ತು. "ತೇಲ್ತಿಲ್ಲ," ಎಂದಳು. ನಂತರ ಆ ಸರಿದೂಗಿಸುವುದನ್ನೇ ಪೂರ್ತಿ ನಿಲ್ಲಿಸಲು ಹೇಳಿ, ಅಲ್ಲೇ ನಿಂತು ಅರ್ಧ ಉಸಿರು ಬಿಟ್ಟು ಅಂಗಡಿಯ ಬೋರ್ಡು ತೆಗೆದಳು. ನಾನು ನೋಡಿದೆ. ಅಂಚು ಒಂದೇ.

ಹೊರಗೆ ಬಂದು ಹತ್ತು ಹೆಜ್ಜೆ ನಡೆದ ಮೇಲೆ ಕೇಳಿದಳು.

"ಮನೆತನದಲ್ಲಿರೋ ಕಾಯಿಲೆ ಅಂದ್ರು. ಅಮ್ಮನ ವಿಷಯ ಅವರಿಗೆ ಯಾರು ಹೇಳಿದ್ರು?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ನಾನೇ."

ಅವಳು ನಡಿಗೆ ನಿಲ್ಲಿಸಲಿಲ್ಲ, ನಿಧಾನವೂ ಮಾಡಲಿಲ್ಲ. ಮನೆಯ ಮೆಟ್ಟಿಲು ಹತ್ತುವಾಗ ಮಾತ್ರ ಹೇಳಿದಳು: "ನಾಳೆ ನೀವೂ ಬನ್ನಿ. ನನ್ನ ಜೊತೆ ಕೂತ್ಕೊಂಡು, ಹೇಳಿದ ಬಾಯಲ್ಲೇ ಇದನ್ನೂ ಹೇಳಿ."

ಮರುದಿನ ಹೋದೆವು. ನಾನು ನಂಬರಿನ ವಿಷಯವನ್ನು ಇದ್ದ ಹಾಗೆ ಹೇಳಿದೆ. ನಂಬರು ಸರಿಮಾಡಿದ ಮೇಲೆ ತೆಗೆದ ಚಿತ್ರಗಳನ್ನು ಅವಳು ಮೇಜಿನ ಮೇಲಿಟ್ಟಳು. ಮ್ಯಾನೇಜರ್ ಒಂದೊಂದನ್ನೂ ನೋಡಿದರು.

"ಎಷ್ಟು ಚೆನ್ನಾಗಿ ಬಂದಿದೆ. ನನಗೆ ನಿಜವಾಗ್ಲೂ ಬೇಜಾರಾಗ್ತಿದೆ ಮೇಡಂ. ಆದ್ರೆ ಈ ವರ್ಷದ್ದು ಅವರಿಗೆ ಒಪ್ಪಿಸಿ ಆಗಿದೆ. ಮುಂದಿನ ವರ್ಷ ನೋಡೋಣ." ಚಿತ್ರಗಳನ್ನು ಜೋಡಿಸಿ ವಾಪಸು ಕೊಡುತ್ತಾ, "ಆದ್ರೂ ಒಂದ್ಸಲ ಡಾಕ್ಟರಿಗೆ ತೋರಿಸಿಬಿಡಿ. ನಿಮ್ಮ ನೆಮ್ಮದಿಗೆ," ಎಂದರು.

ನಾದಿನಿ ಎರಡೂ ಕೈಗಳನ್ನು ಮೇಜಿಗೆ ತಾಗಿಸದೆ ಗಾಳಿಯಲ್ಲಿ ಮುಂದಕ್ಕೆ ಚಾಚಿದಳು, ಬೆರಳು ಬಿಡಿಸಿ. "ನೋಡಿ," ಎಂದಳು.

ಬೆರಳುಗಳು ನಡುಗುತ್ತಿದ್ದವು. ಸಣ್ಣಗೆ, ಹತ್ತೂ ಬೆರಳು. ಮ್ಯಾನೇಜರ್ ಕಣ್ಣು ಕೆಳಗೆ ಹಾಕಿದರು, ಒಳ್ಳೆಯವರು ಹಾಕುವ ಹಾಗೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿಟ್ಟಳು. ಮಡಿಲಲ್ಲಿ ಅವು ಕಲ್ಲಿನ ಹಾಗೆ ನಿಂತವು.

ಮೆಟ್ಟಿಲಿಳಿಯುವಾಗ ನಾನು ಅವಳ ತೋಳು ಹಿಡಿದೆ.

"ಇದು ಆ ಕಾಯಿಲೆ ಅಲ್ಲ ಕಣೇ. ಅತ್ತೆಯವರ ಕೈ ಸುಮ್ನೆ ಮಡಿಲಲ್ಲಿದ್ದಾಗಲೇ ನಡುಗ್ತಿತ್ತು. ಚಮಚ ಹಿಡಿಯೋಕೆ ಚಾಚಿದ್ರೆ ಒಂದು ಗಳಿಗೆ ನಿಂತುಬಿಡ್ತಿತ್ತು. ಏಳು ವರ್ಷ ನೋಡಿದ್ದೀನಿ. ನಿನ್ನದು ಚಾಚಿದಾಗ ನಡುಗ್ತು, ಮಡಿಲಲ್ಲಿ ನಿಂತಿತು. ಇದು ಸಿಟ್ಟು."

ಅವಳು ಒಂದು ಮೆಟ್ಟಿಲು ಕೆಳಗೆ ನಿಂತು ನನ್ನನ್ನು ನೋಡಿದಳು.

"ಅವತ್ತು ಆ ಮೆತ್ತನೆ ಕುರ್ಚೀಲಿ ಕೂತಾಗ ಇದು ಗೊತ್ತಿತ್ತಾ ನಿಮಗೆ?"

"ಅತ್ತೆಯವರದ್ದು ಗೊತ್ತಿತ್ತು. ನಿನ್ನ ಕೈ ಮಡಿಲಲ್ಲಿ ಇರೋದನ್ನೂ ದಿನಾ ನೋಡಿದ್ದೆ. ಎರಡನ್ನೂ ಪಕ್ಕದಲ್ಲಿಟ್ಟು ಯೋಚಿಸಿರ್ಲಿಲ್ಲ."

"ನಲವತ್ತೆರಡು ಪ್ರಿಂಟು ಹರಡಿ ಯೋಚಿಸಿದ್ರಿ," ಎಂದಳು, ಮುಂದೆ ಇಳಿದಳು.

ಅವಳೀಗ ಒಂದು ನೃತ್ಯಶಾಲೆಗೆ ಚಿತ್ರ ತೆಗೆಯುತ್ತಾಳೆ. ಲೆನ್ಸ್ ಬದಲಾಯಿಸಿದಾಗಲೆಲ್ಲ ನಂಬರು ಬದಲಾಯಿಸುತ್ತಾಳೆ, ಆ ಮೂಗ ಲೆನ್ಸುಗಳ ಪರವಾಗಿ. ಲಕೋಟೆಯನ್ನು ಅವಳೇ ಕೊಟ್ಟು ಬರುತ್ತಾಳೆ. ನಾವು ಮಾತು ಬಿಟ್ಟಿಲ್ಲ; ಊಟ, ಬಟ್ಟೆ, ನಲ್ಲಿ ಸೋರುವುದು, ಎಲ್ಲ ಮಾತಾಡುತ್ತೇವೆ. ಸಭಾಂಗಣದವರು ಮತ್ತೆ ಕರೆದಿಲ್ಲ.

ಮೊನ್ನೆ ದಾರಿಯಲ್ಲಿ ಅಲ್ಲಿ ಬಾಗಿಲು ಕಾಯುವವರೊಬ್ಬರು ಸಿಕ್ಕಿದರು.

"ಅಮ್ಮಾ, ಮೇಡಂ ಕೈ ಈಗ ಹೇಗಿದೆ?"

"ಅವಳ ಕೈಗೆ ಏನೂ ಆಗಿರ್ಲಿಲ್ಲ," ಎಂದೆ.

"ಆಯ್ತಮ್ಮಾ, ಆಯ್ತು," ಎಂದು ಮೆಲ್ಲಗೆ ತಲೆಯಾಡಿಸಿದರು, ಕಾಯಿಲೆಯವರ ಮನೆಯವರು ಹೀಗೆಯೇ ಹೇಳುತ್ತಾರೆ ಎಂಬುದು ಗೊತ್ತಿದ್ದವರಂತೆ.