ನಿಡೋಣಿ ದಾರಿಯ ದರ್ಗಾದ ಗೋಡೆ

ಹಿಂದೆ ಬಂದಾಗ ಈ ಗೋಡೆ ಎಷ್ಟು ಎತ್ತರವಿತ್ತೆಂದು ಖಚಿತವಿಲ್ಲ. ಅದರ ಮೇಲೆ ಆರಾಮಾಗಿ ಕೂತಿದ್ದ ನೆನಪು. ಆದರೆ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಪಾಳು ಗೋಡೆ ಕುಸಿಯುತ್ತದೆ, ಬೆಳೆಯುವುದಿಲ್ಲ.

ನಿಡೋಣಿಗೆ ಹೋಗುವ ದಾರಿಯಲ್ಲಿ, ಜೋಳದ ಹೊಲದ ನಡುವೆ, ಗುಮ್ಮಟ ಬಿದ್ದುಹೋದ ಹಳೆಯ ದರ್ಗಾ. ಈ ಸಲ ಅಲ್ಲಿಗೆ ನೀಲವ್ವ ಎಂಬ ರೈತ ಹೆಂಗಸು ತಲೆಯ ಮೇಲೆ ಕಲ್ಲು ಹೊತ್ತು ಬಂದಳು. ಇಲ್ಲಿ ಹೊಸ ಮನೆ ಕಟ್ಟಿದವರು ಮೊದಲು ಈ ಗೋಡೆಗೊಂದು ಕಲ್ಲು ಇಡಬೇಕು. ಅದು ಅಲುಗದೆ ಕೂತರೆ ಮಾತ್ರ ಮನೆಯಲ್ಲಿ ಹಾಲು ಉಕ್ಕಿಸಬಹುದು.

ನೀಲವ್ವ ತುದಿಗಾಲಲ್ಲಿ ನಿಂತು ಗೋಡೆಯ ನೆತ್ತಿಯ ಮೇಲೆ ಇಟ್ಟಳು. ಅಲುಗಿತು. ಮತ್ತೆ ಇಟ್ಟಳು, ಮತ್ತೆ ಅಲುಗಿತು.

“ಬಾಡಿಗಿ ಮನ್ಯಾಗ ಸಾಯೂದ ನನ್ನ ಹಣೀಬರಾ ಏನ್ ಯಪ್ಪಾ?” ಅವಳ ದನಿ ಒಡೆಯಿತು.

ದರ್ಗಾ ನೋಡಿಕೊಳ್ಳುವ ದಾವಲಸಾಬ ನಕ್ಕ. “ಯಕ್ಕಾ, ಸಿಟ್ಟಿಲೆ ಇಟ್ಟರ ಕಲ್ಲೂ ನಿಲ್ಲೂದಿಲ್ಲ, ಸೊಸೀನೂ ನಿಲ್ಲೂದಿಲ್ಲ. ಹೊಳ್ಳಿಸಿ ಇಡು.”

“ನನ್ನ ಸೊಸೀ ಸುದ್ದಿ ನಿನಗ್ಯಾಕೋ!” ಎನ್ನುತ್ತಲೇ ಕಲ್ಲು ತಿರುಗಿಸಿಟ್ಟು ಕೈ ತೆಗೆದಳು. ಎಲ್ಲಿಯೂ ಕೈಮುಗಿಯದ ನಾನು ಉಸಿರು ಬಿಗಿಹಿಡಿದಿದ್ದೆ.

ಕಲ್ಲು ಕೂತಿತು. ಆಗ ಗೋಡೆಯನ್ನು ಸರಿಯಾಗಿ ನೋಡಿದೆ. ಕೆಳಗೆ ಸುಲ್ತಾನರ ಕಾಲದ ಕೆತ್ತನೆಯ ಕರಿಕಲ್ಲು. ಅದರ ಮೇಲೆ ಹೊಲದ ಗುಂಡುಕಲ್ಲು, ಇಟ್ಟಿಗೆ, ಸಿಮೆಂಟ್ ಬ್ಲಾಕು. ಊರಿನ ಮನೆಗಳೆಲ್ಲ ಅಲ್ಲಿ ಒಂದರ ಮೇಲೊಂದು ನಿಂತಿದ್ದವು.

ಮನೆಗೆ ಮರಳಿ ಹಳೆಯ ಫೋಟೊ ಹುಡುಕಿ ತೆಗೆದೆ. ಅದೇ ಮುರಿದ ಕಮಾನಿನ ಪಕ್ಕ, ಅದೇ ಗೋಡೆಯ ಮೇಲೆ ಕೂತಿದ್ದೇನೆ. ನನ್ನ ಎರಡೂ ಪಾದ ನೆಲದ ಮೇಲಿವೆ.