ಗ್ಯಾರಂಟಿ ಯಾವುದಕ್ಕೆ?

ಬನಹಟ್ಟಿಯ ನೇಕಾರರ ಮನೆಗಳಲ್ಲಿ ಉಳಿದಿರುವ ಹಳೆಯ ಸೀರೆಯಂಚಿನ ವಿನ್ಯಾಸಗಳನ್ನು ಸ್ಕ್ಯಾನ್ ಮಾಡಿ ಉಳಿಸುವುದು ನನ್ನ ಕೆಲಸ. ಒಮ್ಮೆ ಅಗ್ಗದ ಪೆನ್‌ಡ್ರೈವ್ ನಂಬಿ ಒಂದು ಮನೆಯ ವಿನ್ಯಾಸಗಳನ್ನೆಲ್ಲ ಕಳೆದುಕೊಂಡಿದ್ದೆ. ಮೂಲ ಹಾಳೆಗಳನ್ನು ಅಷ್ಟರಲ್ಲಿ ಗೆದ್ದಲು ತಿಂದಿತ್ತು. ಹೀಗಾಗಿ ನೇಕಾರ್ತಿ ಗಂಗವ್ವ, ತೀರಿಕೊಂಡ ಗಂಡ ಗ್ರಾಫ್ ಹಾಳೆಯ ಮೇಲೆ ಬರೆದ ವಿನ್ಯಾಸಗಳನ್ನೆಲ್ಲ ನನ್ನ ಕೈಗೆ ಕೊಟ್ಟಾಗ, ಈ ಸಲ ಕಂಪ್ಯೂಟರಿನ ಕಡತಗಳನ್ನು ತುಂಬಿಡುವ ಒಳ್ಳೆಯ ಎಸ್‌ಎಸ್‌ಡಿಯನ್ನೇ ಕೊಳ್ಳಬೇಕೆಂದು ಹಟ ಹಿಡಿದು ಜಮಖಂಡಿಗೆ ಹೋದೆ.

ಕಂಪ್ಯೂಟರ್ ಅಂಗಡಿಯವರು ಎಸ್‌ಎಸ್‌ಡಿಯ ಒಂದು ಡಬ್ಬಿ ತೆಗೆದಿಟ್ಟು, "ಯಾತಕ್ಕ ಬೇಕ್ರಿ?" ಎಂದರು.

"ಚಿತ್ರ ತುಂಬಿ ಹತ್ತು ವರ್ಷ ಕಪಾಟಿನ್ಯಾಗ ಇಡಾಕ್ರಿ."

ಅವರು ಡಬ್ಬಿಯನ್ನು ವಾಪಸ್ ಒಳಗಿಟ್ಟರು. "ಹಂಗಾದ್ರ ನಾ ಇದನ್ನ ಕೊಡಂಗಿಲ್ರಿ. ದಿನದ ಕೆಲಸಕ್ಕ ಛಲೋ. ಆದ್ರ ಕರೆಂಟ್ ಕೊಡಲಾರದ ವರ್ಷಗಟ್ಲೆ ಇಟ್ರ ಒಳಗಿನದು ಅಳಿಸಿ ಹೋಗಬಹುದು."

"ಐದು ವರ್ಷ ಗ್ಯಾರಂಟಿ ಅಂತ ಬರದಾರಲ್ರಿ!"

"ಖರೆ. ಕೆಟ್ರ ಹೊಸಾ ಡಬ್ಬಿ ಕೊಡ್ತಾರ. ನಿಮ್ಮ ಚಿತ್ರ ಯಾರು ಕೊಡ್ತಾರ್ರಿ?"

ಅವರ ಸಲಹೆಯಂತೆ ದಿನದ ಕೆಲಸಕ್ಕೆ ಎಸ್‌ಎಸ್‌ಡಿ, ಕಾಪಿಡುವುದಕ್ಕೆ ಎರಡು ಹಾರ್ಡ್‌ಡಿಸ್ಕ್ ಕೊಂಡೆ. ಈಗ ಒಂದು ನನ್ನ ಹತ್ತಿರ, ಇನ್ನೊಂದು ಗಂಗವ್ವನ ಮನೆಯಲ್ಲಿ ಇದೆ. ಆರು ತಿಂಗಳಿಗೊಮ್ಮೆ ಎರಡನ್ನೂ ತೆರೆದು ಒಂದೊಂದೇ ಚಿತ್ರ ನೋಡುತ್ತೇನೆ. ಈವರೆಗೆ ಒಂದೂ ಕೆಟ್ಟಿಲ್ಲ.

ಅಂದು ಹೊರಡುವಾಗ ಸುಮ್ಮನೆ ಕೇಳಿದ್ದೆ, "ನಿಮ್ಮ ಮನಿ ಫೋಟೋ ಎಲ್ಲಿ ಇಟ್ಟೀರಿ?"

ಅವರು ಅಂಗಿಯ ಕಿಸೆ ತಟ್ಟಿ ನಾಚಿಕೊಂಡು ನಕ್ಕರು. "ಎಲ್ಲಾ ಈ ಮೊಬೈಲ್‌ನ್ಯಾಗ ಅದಾವ್ರಿ."

ಅವರದೇ ಅಂಗಡಿಯ ಹಾರ್ಡ್‌ಡಿಸ್ಕೊಂದರ ಡಬ್ಬಿಯನ್ನು ಅವರ ಕೈಯಿಂದಲೇ ಬಿಚ್ಚಿಸಿ, ಅದರಲ್ಲಿ ಅವರ ಮನೆಯ ಫೋಟೋ ತುಂಬಿಸಿದ ಮೇಲೆಯೇ ನಾನು ಬಸ್ ಹತ್ತಿದ್ದು.