ಕೈ ಹಿಡಿದು ಕೂರುವ ಕೆಲಸ

ಹೊರಗೆ ಇನ್ನೂ ಬೆಳಕು ಹರಿದಿಲ್ಲ. ಆಪರೇಷನ್ ಥಿಯೇಟರಿನ ಪಕ್ಕದ ತೊಟ್ಟಿಯ ಮುಂದೆ ನಿಂತು ಅಟೆಂಡರ್ ಬಿಸಿನೀರಿನ ನಲ್ಲಿಗೆ ಎರಡೂ ಅಂಗೈ ಒಡ್ಡಿದ್ದಾರೆ. ತೊಳೆದಾಗಿದೆ, ಆದರೂ ನಲ್ಲಿ ನಿಲ್ಲಿಸುತ್ತಿಲ್ಲ. "ತಣ್ಣಗಿನ ಕೈ ಮುಟ್ಟಿದ್ರೆ ಪೇಷೆಂಟ್ ಇನ್ನೂ ಹೆದರ್ತಾರೆ ಸಾರ್. ಭಯ ಆದ್ರೆ ನನ್ನ ಕೈ ಐಸ್ ಆಗ್ಬಿಡುತ್ತೆ" ಎನ್ನುತ್ತಾರೆ. ದಿನಾ ಭಯ ಆಗುತ್ತಾ ಎಂದರೆ, ಇದೇನು ಪ್ರಶ್ನೆ ಎಂಬಂತೆ ನನ್ನನ್ನು ನೋಡುತ್ತಾರೆ.

ಒಳಗೆ ಇವತ್ತಿನ ರೋಗಿ ಮಲಗಿದ್ದಾರೆ. ಅರವತ್ತು ದಾಟಿದ ಕ್ಷೌರಿಕರು. ಪಾರ್ಕಿನ್ಸನ್ ಕಾಯಿಲೆ. ತಲೆಗೆ ಲೋಹದ ಚೌಕಟ್ಟು ಬಿಗಿದಿದ್ದಾರೆ. ನಿನ್ನೆಯಿಂದ ಮಾತ್ರೆ ನಿಲ್ಲಿಸಿರುವುದರಿಂದ ಬಲಗೈ ತನ್ನ ಪಾಡಿಗೆ ತಾನು ಅದುರುತ್ತಿದೆ. ಇನ್ನು ಸ್ವಲ್ಪ ಹೊತ್ತಿಗೆ ತಲೆಬುರುಡೆಗೆ ತೂತು ಕೊರೆದು ಮಿದುಳಿನ ಆಳಕ್ಕೆ ಸಣ್ಣ ತಂತಿ ಇಳಿಸುತ್ತಾರೆ. ರೋಗಿ ಎಚ್ಚರವಾಗಿಯೇ ಇರಬೇಕು. ಇದನ್ನು ನೋಡಿ ಬರೆಯಲು ಬಂದ ನಾನೋ, ಇಂಜೆಕ್ಷನ್ ಸೂಜಿ ಕಂಡರೆ ಮುಖ ತಿರುಗಿಸುವ ಆಸಾಮಿ. ಹಸಿರು ಗೌನು ತೊಟ್ಟು ಮೂಲೆಯ ಗೋಡೆಗೆ ಅಂಟಿಕೊಂಡಿದ್ದೇನೆ.

"ಮೂರು ವರ್ಷದಿಂದ ಯಾರೂ ಕುತ್ತಿಗೆ ಕೊಟ್ಟಿಲ್ಲ ತಮ್ಮಾ" ಎನ್ನುತ್ತಾರೆ ಕ್ಷೌರಿಕರು. "ಸ್ವಂತ ಮಗನೇ ಪಕ್ಕದ ಬೀದಿಗೆ ಹೋಗಿ ಗಡ್ಡ ಮಾಡಿಸ್ಕೊಂಡು ಬರ್ತಾನೆ."

"ಜಾಣ ಬಿಡಿ ಯಜಮಾನ್ರೇ" ಎನ್ನುತ್ತಾ ಅಟೆಂಡರ್ ಸ್ಟೂಲಿನ ಮೇಲೆ ಕೂತು ಆ ಅದುರುವ ಕೈಯನ್ನು ಹಿಡಿಯುತ್ತಾರೆ. ಇದೇ ಅವರ ಕೆಲಸ. ಹಿಡಿದಿರಬೇಕು, ಮಾತಾಡಿಸುತ್ತಿರಬೇಕು, ರೋಗಿಯ ಕೈಯ ಬಿಗಿ ಸಡಿಲವಾದರೆ ಹೇಳಬೇಕು. ಮೊದಲು ಸ್ಟ್ರೆಚರ್ ತಳ್ಳುತ್ತಿದ್ದವರು. ಒಮ್ಮೆ ರೋಗಿಯೊಬ್ಬರು ಥಿಯೇಟರಿನ ಬಾಗಿಲಲ್ಲಿ ಇವರ ಕೈ ಹಿಡಿದವರು ಬಿಡಲೇ ಇಲ್ಲ. ಬಿಡಿಸಿಕೊಳ್ಳಲಾಗದೆ ಇವರೂ ಒಳಗೆ ಹೋದರು. ಅಂದಿನಿಂದ ವಾರಕ್ಕೆರಡು ಆಪರೇಷನ್. "ಊರವರ ಕೈಯೆಲ್ಲಾ ಹಿಡೀತೀರಾ, ನನ್ನ ಕೈ ಹಿಡಿಯೋಕೆ ಮಾತ್ರ ಪುರುಸೊತ್ತಿಲ್ಲ" ಎಂದು ಹೆಂಡತಿ ಕಿಚಾಯಿಸುತ್ತಾರಂತೆ.

ತಂತಿ ಇಳಿದಂತೆ ಅದಕ್ಕೆ ಜೋಡಿಸಿದ ಸ್ಪೀಕರಿನಿಂದ ಚಟಪಟ ಸದ್ದು ಬರುತ್ತದೆ. ನರಕೋಶಗಳು ಮಿಡಿಯುವ ಸದ್ದು. ನಮ್ಮ ಚಲನೆಯನ್ನು ಹದದಲ್ಲಿಡುವ, ಮಿದುಳಿನ ತಳದ ಈ ಗಂಟುಗಳಲ್ಲಿ ಒಂದೊಂದು ಕೋಶವೂ ತನ್ನಷ್ಟಕ್ಕೆ ತಾನು ಮಿಡಿಯುತ್ತಿರಬೇಕು. ಕಾಯಿಲೆ ಬಂದಾಗ ಗುಂಪುಗೂಡಿ ಸಿಡಿಯುತ್ತವೆ, ಸುಮ್ಮನಾಗುತ್ತವೆ, ಮತ್ತೆ ಸಿಡಿಯುತ್ತವೆ. "ಕೋಶದಿಂದ ಕೋಶಕ್ಕೆ ಸುದ್ದಿ ದಾಟೋದು ಅವುಗಳ ನಡುವಿನ ಸಂದಿಯಲ್ಲಿ, ರಾಸಾಯನಿಕದ ಮೂಲಕ" ಎಂದು ಸರ್ಜನ್ ಮೇಡಂ ವಿವರಿಸುತ್ತಾರೆ. "ಎಷ್ಟು ಮಿಡೀತು ಅನ್ನೋದಷ್ಟೇ ಅಲ್ಲ, ಯಾವ ಲಯದಲ್ಲಿ ಅನ್ನೋದೂ ಮುಖ್ಯ. ಬಿಟ್ಟು ಬಿಟ್ಟು ಸಿಡಿದ್ರೆ ಆ ಬಿಡುವಲ್ಲಿ ರಾಸಾಯನಿಕದ ದಾಸ್ತಾನು ತುಂಬ್ಕೊಂಡು ಪ್ರತಿ ಸಲ ಜೋರಾಗಿ ದಾಟುತ್ತೆ. ಕೈಗೆ ನಡುಕ ಬರೋದರಲ್ಲಿ ಅದರ ಪಾಲಿದೆ. ನಾವು ತಂತಿಯಿಂದ ಬಿಡುವೇ ಕೊಡದೆ ಕರೆಂಟ್ ತಟ್ಟುತ್ತಾ ಇದ್ರೆ ಸಂದಿ ದಣಿದು ಸುಮ್ಮನಾಗುತ್ತೆ. ಅದೂ ನಮ್ಮ ಅಂದಾಜು, ಅಷ್ಟೇ."

ಅಟೆಂಡರ್ ಭಯಕ್ಕೆ ಒಂದು ಕಥೆಯಿದೆ, ಒಳಗೆ ಬರುವ ಮುಂಚೆ ನನಗೆ ಹೇಳಿದ್ದು. ಹಿಂದೊಮ್ಮೆ ಇದೇ ಆಪರೇಷನ್ ನಡೆಯುವಾಗ ಶಿಕ್ಷಕಿಯೊಬ್ಬರು ಮಾತಾಡುತ್ತಾ ಮಾತಾಡುತ್ತಾ ಮೌನವಾದರು. "ಹೋಗೇಬಿಟ್ರು ಅನ್ಕೊಂಡೆ. ನನ್ನ ಕೈ ಗಡಗಡ ನಡುಗ್ತು, ಜತೆಗೆ ಅವರ ಮಣಿಕಟ್ಟೂ." ಅದೇ ಹೊತ್ತಿಗೆ ಸ್ಪೀಕರಿನ ಸದ್ದು ಗುಂಪುಗುಂಪಾಯಿತು. ನಡುಕದ ಜಾಗ ಸಿಕ್ಕಿತೆಂದು ಮೇಡಂ ತಂತಿಯನ್ನು ಅಲ್ಲೇ ಕೂರಿಸಲು ಹೊರಟರು. ಯಾರೋ "ಕೈ ಬಿಡಿ" ಎಂದರು. ಬಿಟ್ಟ ಕೂಡಲೇ ಸದ್ದು ಚೆದುರಿತು. ರೋಗಿಯ ಕೈಯನ್ನು ಬೇರೆಯವರು ಅಲುಗಿಸಿದರೂ ಆ ಕೋಶಗಳು ಮಿಡಿಯುತ್ತವೆ. ಕೇಳಿಸಿದ್ದು ಇವರ ನಡುಕ. ಶಿಕ್ಷಕಿ ತೂಕಡಿಸಿದ್ದರು, ಅಷ್ಟೇ.

"ನನ್ನ ಭಯ ಅವರ ತಲೆಯೊಳಗಿಂದ ಕೇಳಿಸ್ತು ಸಾರ್. ತಂತಿ ತಪ್ಪು ಜಾಗದಲ್ಲಿ ಕೂತಿದ್ರೆ? ಮೇಡಂ ಬೈಲಿಲ್ಲ. ಬೈದಿದ್ರೇ ಚೆನ್ನಾಗಿತ್ತು."

"ಯಜಮಾನ್ರೇ, ಮೊದಲು ಕತ್ತರಿ ಹಿಡಿದಾಗ ನಿಮಗೆಷ್ಟು ವಯಸ್ಸು?" ಅಟೆಂಡರ್ ಈಗ ಕೇಳುತ್ತಿದ್ದಾರೆ. ಉತ್ತರವಿಲ್ಲ. ಮತ್ತೆ ಕೇಳುತ್ತಾರೆ. ಉತ್ತರವಿಲ್ಲ. ಅಟೆಂಡರ್ ಮುಖ ಬಿಳಿಚಿಕೊಂಡಿದೆ, ಹಿಮ್ಮಡಿ ಸ್ಟೂಲಿನ ಕಾಲಿಗೆ ತಟತಟ ಬಡಿಯುತ್ತಿದೆ. ಹಿಡಿದ ತಮ್ಮ ಕೈಯನ್ನು ಮಾತ್ರ ನಡುಗಲು ಬಿಟ್ಟಿಲ್ಲ. ಭಯವನ್ನು ಭುಜದಲ್ಲೇ ತಡೆದು ನಿಲ್ಲಿಸುವುದನ್ನು ನಾನು ಕಂಡದ್ದು ಇದೇ ಮೊದಲು.

"ಯಜಮಾನ್ರೇ!"

"ಹನ್ನೊಂದು" ಎನ್ನುತ್ತಾರೆ ಕ್ಷೌರಿಕರು ನಿಧಾನವಾಗಿ. "ಲೆಕ್ಕ ಹಾಕ್ತಿದ್ದೆ ತಮ್ಮಾ. ಅಷ್ಟೇನು ಅವಸರ?"

ಸ್ಪೀಕರಿನ ಸದ್ದು ಗುಂಪುಗಟ್ಟುತ್ತದೆ. ಮೇಡಂ ಒಮ್ಮೆ ಅಟೆಂಡರ್ ಕೈಯನ್ನು ನೋಡಿ, ತಲೆಯಾಡಿಸಿ, ಕರೆಂಟ್ ಕೊಡುತ್ತಾರೆ. "ಸಡಿಲ ಆಯ್ತು ಮೇಡಂ" ಎನ್ನುತ್ತಾ ಅಟೆಂಡರ್ ಬಿಗಿಹಿಡಿದ ಭುಜವನ್ನು ಇಳಿಬಿಡುತ್ತಾರೆ.

"ಎಲ್ಲಿ? ಇನ್ನೂ ನಡುಗ್ತಾನೇ ಇದೆಯಲ್ಲ" ಎನ್ನುತ್ತಾರೆ ಕ್ಷೌರಿಕರು ಗಾಬರಿಯಿಂದ. ಹೌದು, ಜೋಡಿಸಿದ ಎರಡೂ ಕೈ ಅದುರುತ್ತಿವೆ.

"ಕೈ ಬಿಡಿ" ಎನ್ನುತ್ತಾರೆ ಮೇಡಂ.

ಅಟೆಂಡರ್ ಬಿಡುತ್ತಾರೆ. ಕ್ಷೌರಿಕರ ಕೈ ಗಾಳಿಯಲ್ಲಿ ಹಾಗೇ ನಿಂತಿದೆ, ಒಂದಿಷ್ಟೂ ಅಲುಗದೆ. ಅವರು ಅದನ್ನೇ ನೋಡುತ್ತಾರೆ, ಆಮೇಲೆ ಅಟೆಂಡರ್ ಕೈಯನ್ನು. "ಓ, ನಡುಕ ನಿಂದಾ ತಮ್ಮಾ!"

ಹೊರಗೆ ಬಂದಾಗ ಅಟೆಂಡರ್ ಮತ್ತೆ ಬಿಸಿನೀರಿಗೆ ಕೈ ಒಡ್ಡುತ್ತಾರೆ. ಈ ವಾರದ ಎರಡನೆಯ ರೋಗಿಯ ಸ್ಟ್ರೆಚರ್ ಬರುತ್ತಿದೆ. ನಿಮಗೇನಾದರೂ ಆಸೆ ಇದೆಯೇ ಎನ್ನುತ್ತೇನೆ.

"ಯಜಮಾನ್ರು ಅಂಗಡಿ ಬಾಗಿಲು ತೆಗೆದ ದಿನ ಮೊದಲನೇ ಗಿರಾಕಿ ನಾನೇ ಆಗ್ಬೇಕು ಸಾರ್. ಭಯ ಅಂತೂ ಆಗೇ ಆಗುತ್ತೆ. ಆದ್ರೆ ಕುತ್ತಿಗೆ ಅಲ್ಲಾಡಿಸಲ್ಲ."